ಗೋಡೆ ಯಾರದು?

ಭಾವಚಿತ್ರ ಬರೆಯುವ ಗೆಳತಿಯೊಬ್ಬಳು ಮೊನ್ನೆ ಗ್ಯಾಲರಿಯೊಂದರ ಕರಾರುಪತ್ರ ತೋರಿಸಿದಳು. ಚಿತ್ರ ಮಾರಾಟವಾದರೆ ಅರ್ಧ ದುಡ್ಡು ಅವರಿಗೆ. ಅಲ್ಲಿ ನೋಡಿದವರು ಆಮೇಲೆ ನೇರವಾಗಿ ಇವಳ ಹತ್ತಿರ ಬಂದು ಚಿತ್ರ ಬರೆಸಿಕೊಂಡರೂ ಪಾಲು ಕೊಡಬೇಕು. ಇನ್‌ಸ್ಟಾಗ್ರಾಮಿನಲ್ಲಿ ತನ್ನ ಬೆಲೆ ಹಾಕುವಂತಿಲ್ಲ. "ಸಹಿ ಹಾಕ್ಲಾ, ಬೇಡ್ವಾ?" ಅಂದಳು. ನನಗೆ ತಕ್ಷಣ ನೆನಪಾದದ್ದು 1784ರಲ್ಲಿ ಲಂಡನ್ನಿನಲ್ಲಿ ನಡೆದ ಒಂದು ಜಗಳ.

ಆಗ ಅಲ್ಲಿನ ಭಾವಚಿತ್ರಗಾರರ ಪಾಲಿಗೆ ಎಲ್ಲಕ್ಕಿಂತ ದೊಡ್ಡ ಗೋಡೆ ಅಂದರೆ ರಾಯಲ್ ಅಕಾಡೆಮಿಯ ವಾರ್ಷಿಕ ಪ್ರದರ್ಶನ. ಒಂದು ಶಿಲ್ಲಿಂಗ್ ಕೊಟ್ಟು ಜನ ನೋಡಲು ಬರುತ್ತಿದ್ದರು. ಟಿಕೆಟ್ಟಿನ ದುಡ್ಡು ಅಕಾಡೆಮಿಗೆ, ಹೊಸ ಗಿರಾಕಿಗಳು ಕಲಾವಿದರಿಗೆ. ಅಲ್ಲಿದ್ದ ಎಷ್ಟೋ ಭಾವಚಿತ್ರಗಳಿಗೆ ಮಾಲೀಕರು ಆಗಲೇ ಇದ್ದರು. ಅವು ಗೋಡೆಗೇರಿದ್ದು ಮಾರಾಟಕ್ಕಲ್ಲ, ಜಾಹೀರಾತಿಗೆ. ಹಾಗಾಗಿ ಚಿತ್ರವನ್ನು ಎಲ್ಲಿ, ಎಷ್ಟು ಎತ್ತರದಲ್ಲಿ ತೂಗುಹಾಕುತ್ತಾರೆ ಅನ್ನೋದು ಹೊಟ್ಟೆಪಾಡಿನ ಪ್ರಶ್ನೆ.

ಅಕಾಡೆಮಿಯ ಅಧ್ಯಕ್ಷ ಜೋಶುವಾ ರೆನಾಲ್ಡ್ಸ್ ಈ ಆಟದಲ್ಲಿ ಪಳಗಿದವನು. ಮನೆಯಲ್ಲೇ ಚಿತ್ರಶಾಲೆ ಕಟ್ಟಿಸಿದ್ದ. ತನ್ನ ಚಿತ್ರಗಳ ಅಚ್ಚುಪ್ರತಿಗಳು ಊರೆಲ್ಲ ಹರಡುವಂತೆ ನೋಡಿಕೊಂಡಿದ್ದ. ಗಿರಾಕಿ ಮೊದಲ ಸಲ ಬಂದು ಕೂತಾಗಲೇ ಅರ್ಧ ದುಡ್ಡು ವಸೂಲು. ಅಲಂಕಾರದ ಸಾರೋಟು ಕೊಂಡು, ಜನ ನೋಡಲಿ ಅಂತ ತಂಗಿಯನ್ನು ಅದರಲ್ಲಿ ಊರು ಸುತ್ತಿಸುತ್ತಿದ್ದನಂತೆ!

ಥಾಮಸ್ ಗೇನ್ಸ್‌ಬರೋ ಅವನ ಪ್ರತಿಸ್ಪರ್ಧಿ. 1784ರಲ್ಲಿ ರಾಜನ ಮೂವರು ಹಿರಿಯ ಹೆಣ್ಣುಮಕ್ಕಳ ದೊಡ್ಡ ಚಿತ್ರವನ್ನು ಪ್ರದರ್ಶನಕ್ಕೆ ಕಳಿಸಿದ. ನಿಯಮದ ಪ್ರಕಾರ ಅಂಥ ಚಿತ್ರ ಬಾಗಿಲಿನ ಮಟ್ಟಕ್ಕಿಂತ ಮೇಲಿರಬೇಕು. ಇವನದು ನವಿರಾದ ಕೈ. ಅಷ್ಟು ಮೇಲೆ ಹಾಕಿದರೆ ಕೆಲಸವೇ ಕಾಣೋದಿಲ್ಲ, ಐದೂವರೆ ಅಡಿಗಿಂತ ಮೇಲೆ ಬೇಡ ಅಂದ. ಅಕಾಡೆಮಿ ಒಪ್ಪಲಿಲ್ಲ. ಅವನು ತನ್ನ ಚಿತ್ರಗಳನ್ನೆಲ್ಲ ವಾಪಸ್ ತರಿಸಿಕೊಂಡ. ಪಾಲ್ ಮಾಲ್ ಬೀದಿಯ ತನ್ನ ಮನೆ ಶೋಂಬರ್ಗ್ ಹೌಸಿನಲ್ಲೇ ಪ್ರದರ್ಶನ ಇಟ್ಟ. 1788ರಲ್ಲಿ ಸಾಯುವವರೆಗೂ ಅಕಾಡೆಮಿಗೆ ಒಂದು ಚಿತ್ರವನ್ನೂ ಕಳಿಸಲಿಲ್ಲ.

ಭಲೇ ಅನಿಸುತ್ತೆ, ಅಲ್ವಾ? ಆದರೆ ಇನ್ನೊಂದು ಮಾತಿದೆ. ಅವನು 1773ರಲ್ಲೂ ಅಕಾಡೆಮಿಯಿಂದ ದೂರ ಸರಿದಿದ್ದ. 1777ರಲ್ಲಿ ತಾನೇ ಮರಳಿದ. 1784ರ ಹೊತ್ತಿಗೆ ಅರಮನೆಯೇ ಅವನ ಗಿರಾಕಿ. ಶ್ರೀಮಂತರ ಬೀದಿಯಲ್ಲಿ ಮನೆ. ಆ ಹೆಸರು ಬೆಳೆದದ್ದರಲ್ಲಿ ಅಕಾಡೆಮಿಯ ಗೋಡೆಯ ಪಾಲೂ ಇತ್ತು. ಸ್ವಂತ ಗೋಡೆ ಸಿಗುವ ತನಕ ಬೇರೆಯವರ ಗೋಡೆ ಬೇಕು. ಆದರೆ ಗಿರಾಕಿ ಯಾರವನು ಅನ್ನೋದನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು.

ಗೆಳತಿಗೆ ಇಷ್ಟೇ ಹೇಳಿದೆ: ಅಲ್ಲಿ ಮಾರಿದ್ದಕ್ಕೆ ಪಾಲು ಕೊಡು. ಆಮೇಲೆ ಬರುವ ಆರ್ಡರುಗಳ ಪಾಲಿಗೆ ಆರು ತಿಂಗಳ ಗಡುವು ಹಾಕಿಸು. ಇನ್‌ಸ್ಟಾಗ್ರಾಮ್ ನಿನ್ನ ಶೋಂಬರ್ಗ್ ಹೌಸು, ಅದನ್ನು ಬಿಡಬೇಡ. ಅವಳು ಒಂದು ಸಾಲು ತಿದ್ದಿ, ಇನ್ನೊಂದನ್ನು ಹೊಡೆದುಹಾಕಿ ವಾಪಸ್ ಕಳಿಸಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ.