ಸಹನಿರ್ಲಕ್ಷ್ಯ (ಮೋಟಾರು ಅಪಘಾತ ಪರಿಹಾರ)

ಸಹನಿರ್ಲಕ್ಷ್ಯವೆಂದರೆ ಅಪಘಾತಕ್ಕೆ ಎದುರು ವಾಹನದ ಚಾಲಕನೊಂದಿಗೆ ಗಾಯಾಳುವಿನ ತಪ್ಪೂ ಭಾಗಶಃ ಕಾರಣವಾಗಿರುವುದು. ಭಾರತದಲ್ಲಿ ಇದರಿಂದ ಪರಿಹಾರದ ಹಕ್ಕು ನಷ್ಟವಾಗುವುದಿಲ್ಲ. ತಪ್ಪಿನ ಪ್ರಮಾಣಕ್ಕೆ ಅನುಗುಣವಾಗಿ ಮೊತ್ತ ಮಾತ್ರ ಕಡಿಮೆಯಾಗುತ್ತದೆ. ಉದಾಹರಣೆಗೆ, ಮಾಣಿ–ಮೈಸೂರು ಹೆದ್ದಾರಿಯಲ್ಲಿ ಪುತ್ತೂರು–ಸುಳ್ಯ ನಡುವಿನ ತಿರುವೊಂದರಲ್ಲಿ ಎರಡು ಕಾರುಗಳು ಡಿಕ್ಕಿಯಾಗಿ, ಗಾಯಗೊಂಡ ಚಾಲಕನ ತಪ್ಪು ಶೇ. 30 ಎಂದು ನಿರ್ಣಯವಾದರೆ, 10 ಲಕ್ಷ ರೂಪಾಯಿಗಳ ಪರಿಹಾರದಲ್ಲಿ ಆತನಿಗೆ 7 ಲಕ್ಷ ದೊರೆಯುತ್ತದೆ. ಚಾಲಕನ ತಪ್ಪಿಗಾಗಿ ಅದೇ ಕಾರಿನ ಪ್ರಯಾಣಿಕನ ಪರಿಹಾರದಲ್ಲಿ ಕಡಿತವಿಲ್ಲ. ಚಾಲನಾ ಪರವಾನಗಿ ಇಲ್ಲದಿರುವುದೊಂದೇ ಸಹನಿರ್ಲಕ್ಷ್ಯವಾಗದೆಂದು ಸುಧೀರ್ ಕುಮಾರ್ ರಾಣಾ ಪ್ರಕರಣದಲ್ಲಿ (2008) ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದೆ.

ಮೋಟಾರು ವಾಹನಗಳ ಕಾಯ್ದೆ, 1988ರ ಸೆಕ್ಷನ್ 166ರ ಪ್ರಕಾರ, ಕಡಬದ ನಿವಾಸಿಯು ಬೆಂಗಳೂರಿನಲ್ಲಿ ಗಾಯಗೊಂಡರೂ ತನ್ನ ವಾಸಸ್ಥಳದ ವ್ಯಾಪ್ತಿಯ ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. 2022ರ ಏಪ್ರಿಲ್ 1ರಂದು ಜಾರಿಗೆ ಬಂದ ತಿದ್ದುಪಡಿಯು ಇದಕ್ಕೆ ಆರು ತಿಂಗಳ ಗಡುವನ್ನು ವಿಧಿಸಿದೆ.