ಕಲ್ಲು ಒಡೆಯುವವರು ಮತ್ತು ಕ್ಯಾಮೆರಾ

ಹೋಬಳಿ, ತಾಲ್ಲೂಕು ಸುತ್ತಿ ಸುದ್ದಿ ಕಳಿಸುವ ನಮ್ಮಂಥ ಸ್ಟ್ರಿಂಗರ್‌ಗಳಿಗೆ ಡೆಸ್ಕಿನಿಂದ ಬರುವ ಮೊದಲ ಪ್ರಶ್ನೆ, 'ಫೋಟೊ ಇದೆಯೇನ್ರೀ?' ಫೋಟೊ ಇದ್ದರೆ ಮೂರು ಕಾಲಂ, ಇಲ್ಲದಿದ್ದರೆ ನಾಲ್ಕು ಸಾಲು. ಕೆಲವು ವರ್ಷಗಳ ಹಿಂದೆ ರಸ್ತೆ ಕೆಲಸದವರ ಕೂಲಿ ಬಾಕಿ ಬಗ್ಗೆ ಒಂದು ವರದಿ ಕಳಿಸಿದ್ದೆವು. ಜೊತೆಗೆ ಜಲ್ಲಿ ಒಡೆಯುತ್ತಿದ್ದ ಇಬ್ಬರ ಫೋಟೊ ಇತ್ತು. 'ಮುಖಾನೇ ಕಾಣಲ್ಲ, ಬರೀ ಬೆನ್ನು. ಇದರಲ್ಲಿ ಏನಿದೆ?' ಎಂದರು ಡೆಸ್ಕಿನವರು. ವರದಿ ಅಚ್ಚಾಯಿತು, ಫೋಟೊ ಆಗಲಿಲ್ಲ.

ಆಮೇಲೊಂದು ದಿನ ಫ್ರಾನ್ಸಿನ ಚಿತ್ರಕಾರ ಗುಸ್ತಾವ್ ಕೂರ್ಬೆ 1849ರಲ್ಲಿ ಬರೆದ 'ಕಲ್ಲು ಒಡೆಯುವವರು' ಚಿತ್ರವನ್ನು ಗಮನವಿಟ್ಟು ನೋಡಿದೆವು. ಒಬ್ಬ ಮುದುಕ, ಒಬ್ಬ ಹುಡುಗ. ಮುದುಕ ಮೊಣಕಾಲೂರಿ ಸುತ್ತಿಗೆ ಎತ್ತಿದ್ದಾನೆ, ಹುಡುಗ ಕಲ್ಲು ತುಂಬಿದ ಬುಟ್ಟಿ ಎತ್ತುತ್ತಿದ್ದಾನೆ. ಮುದುಕನ ಮುಖಕ್ಕೆ ಟೋಪಿಯ ನೆರಳು ಬಿದ್ದಿದೆ, ಹುಡುಗ ಮುಖ ಆಚೆ ತಿರುಗಿಸಿದ್ದಾನೆ. ಅಲ್ಲೂ ಮುಖವಿಲ್ಲ! ಆದರೂ ಕಲೆಯ ಚರಿತ್ರೆಯಲ್ಲಿ ವಾಸ್ತವವಾದದ ಮಾತು ಬಂದಾಗಲೆಲ್ಲ ಈ ಚಿತ್ರದ ಹೆಸರು ಬರುತ್ತದೆ.

ಡಿಪ್ಲೊಮಾ ತರಗತಿಯಲ್ಲಿ ನಮಗೆ ಬರೆಸಿದ್ದ ನೋಟ್ಸಿನಲ್ಲಿ ಒಂದು ಸಾಲಿತ್ತು: ಕ್ಯಾಮೆರಾ ಬಂತು, ಹಾಗಾಗಿ ಚಿತ್ರಕಾರರು ಕಲ್ಪನೆ ಬಿಟ್ಟು ವಾಸ್ತವಕ್ಕೆ ಇಳಿದರು. ಪರೀಕ್ಷೆಯಲ್ಲಿ ಅದನ್ನೇ ಬರೆದು ಪಾಸಾದೆವು. ಇಸವಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಆ ಸಾಲು ಅರ್ಧ ಮಾತ್ರ ನಿಜ ಅನ್ನಿಸುತ್ತದೆ.

ಮೊದಲು ರಮ್ಯ ಪಂಥದ ವಿಚಾರ. ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲಿ ಯುರೋಪಿನ ಚಿತ್ರಕಾರರನ್ನು ಸೆಳೆದದ್ದು ಬಿರುಗಾಳಿ, ಯುದ್ಧ, ದಂಗೆ, ದೂರದೇಶ, ಉಕ್ಕುವ ಭಾವ. ಹಾಗೆಂದು ಅವರು ಮನೆಯಲ್ಲಿ ಕೂತು ಕನಸು ಕಂಡವರೇನಲ್ಲ. ಜೆರಿಕೋ ಎಂಬ ಚಿತ್ರಕಾರನನ್ನೇ ನೋಡಿ. 1816ರಲ್ಲಿ 'ಮೆಡೂಸಾ' ಎಂಬ ಫ್ರೆಂಚ್ ಹಡಗು ಆಫ್ರಿಕಾದ ಕರಾವಳಿಯ ಹತ್ತಿರ ಮರಳದಿಬ್ಬಕ್ಕೆ ಸಿಕ್ಕಿಕೊಂಡಿತು. ಸುಮಾರು 150 ಜನರನ್ನು ಒಂದು ತೆಪ್ಪದ ಮೇಲೆ ಬಿಟ್ಟುಹೋದರು. 13 ದಿನಗಳ ನಂತರ ಜೀವಂತ ಸಿಕ್ಕವರು 15 ಮಂದಿ. ಜೆರಿಕೋ ಬದುಕಿ ಬಂದವರನ್ನು ಕಂಡು ಮಾತಾಡಿಸಿದ, ತೆಪ್ಪದ ಮಾದರಿ ಮಾಡಿಸಿದ, ಹೆಣಗಳನ್ನು ನೋಡಿ ಅಭ್ಯಾಸ ಮಾಡಿದ. ಒಳ್ಳೆಯ ವರದಿಗಾರ ಮಾಡುವ ಕೆಲಸವನ್ನೆಲ್ಲ ಮಾಡಿದ. ಆದರೆ 1819ರಲ್ಲಿ ಪ್ರದರ್ಶನವಾದ 'ಮೆಡೂಸಾದ ತೆಪ್ಪ' ಚಿತ್ರದಲ್ಲಿರುವವರ ಮೈಕಟ್ಟು ಗರಡಿಯಾಳುಗಳಂತಿದೆ. 13 ದಿನ ಅನ್ನ ನೀರಿಲ್ಲದೆ ಒಣಗಿದವರು ಹಾಗಿರಲು ಸಾಧ್ಯವಿಲ್ಲ. ಸಂಗತಿಯನ್ನು ಪೂರ್ತಿ ತಿಳಿದೂ ಅದನ್ನು ಪುರಾಣದ ಎತ್ತರಕ್ಕೆ ಏರಿಸುವುದು ರಮ್ಯ ಪಂಥದ ರೀತಿ.

ಈಗ ಕ್ಯಾಮೆರಾ. 1839ರ ಆಗಸ್ಟ್ 19ರಂದು ಪ್ಯಾರಿಸ್ಸಿನ ವಿಜ್ಞಾನ ಮತ್ತು ಕಲಾ ಅಕಾಡೆಮಿಗಳ ಜಂಟಿ ಸಭೆಯಲ್ಲಿ ಲೂಯಿ ಡಾಗೇರ್ ಕಂಡುಹಿಡಿದ ವಿಧಾನವನ್ನು ಬಹಿರಂಗಪಡಿಸಲಾಯಿತು. ಬೆಳ್ಳಿ ಲೇಪಿಸಿದ ತಾಮ್ರದ ತಗಡಿಗೆ ಅಯೋಡಿನ್ ಆವಿ ಹಿಡಿಸಿ, ಕ್ಯಾಮೆರಾದೊಳಗೆ ಬೆಳಕಿಗೆ ಒಡ್ಡಿ, ಆಮೇಲೆ ಪಾದರಸದ ಆವಿಯಲ್ಲಿ ಚಿತ್ರ ಮೂಡಿಸುವ ವಿಧಾನ ಅದು. ಡಾಗೇರ್ ಸ್ವತಃ ನಾಟಕದ ಪರದೆ ಬರೆಯುತ್ತಿದ್ದ ಕಲಾವಿದ. ಅಂದರೆ ಕ್ಯಾಮೆರಾ ಹೊರಗಿನಿಂದ ಬಂದು ಚಿತ್ರಕಾರರ ಮೇಲೆ ಬೀಳಲಿಲ್ಲ, ಅವರ ಮನೆಯೊಳಗಿಂದಲೇ ಹುಟ್ಟಿತು.

ಡಾಗೇರ್ 1838ರಲ್ಲಿ ಕಿಟಕಿಯಿಂದ ತೆಗೆದ ಪ್ಯಾರಿಸ್ಸಿನ ಬೀದಿಯ ಚಿತ್ರವೊಂದಿದೆ. ಜನ, ಗಾಡಿ, ಕುದುರೆಗಳಿಂದ ಗಿಜಿಗುಡುವ ಬೀದಿ ಅದು. ಚಿತ್ರದಲ್ಲಿ ಮಾತ್ರ ಬಿಕೋ ಎನ್ನುತ್ತದೆ. ತಗಡಿನ ಮೇಲೆ ಚಿತ್ರ ಮೂಡಲು ಹಲವು ನಿಮಿಷ ಬೇಕಿತ್ತು, ಓಡಾಡುತ್ತಿದ್ದವರೆಲ್ಲ ಗುರುತಿಲ್ಲದಂತೆ ಅಳಿಸಿಹೋದರು. ಮೂಲೆಯಲ್ಲಿ ಒಬ್ಬ ಮಾತ್ರ ಸ್ಪಷ್ಟವಾಗಿ ಕಾಣುತ್ತಾನೆ. ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ಕಾಲು ಮುಂದಿಟ್ಟು ನಿಂತವನು. ಅವನ ಕಾಲ ಬಳಿ ಕೂತು ಕೈಯಾಡಿಸುತ್ತಿದ್ದವನು ಮಸುಕು ಮಸುಕು. ನಿಂತವನು ಉಳಿದ, ದುಡಿಯುತ್ತಿದ್ದವನು ಕಲಸಿಹೋದ.

ಇದನ್ನು ನೆನಪಿಟ್ಟುಕೊಂಡು 1849ಕ್ಕೆ ಬನ್ನಿ. ಆ ಹೊತ್ತಿಗೆ ಮುಖದ ಫೋಟೊಗೆ ಬೇಕಾದ ಸಮಯ ಸೆಕೆಂಡುಗಳಿಗೆ ಇಳಿದಿತ್ತು. ಆದರೂ ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಹಿಡಿ ಕೊಟ್ಟು ಕೂರಿಸುತ್ತಿದ್ದರು. ಸುತ್ತಿಗೆ ಎತ್ತಿ ಇಳಿಸುವವನನ್ನು ಹಿಡಿಯುವ ಶಕ್ತಿ ಆ ಕ್ಯಾಮೆರಾಕ್ಕೆ ಇರಲಿಲ್ಲ. ಓಡುವ ಕುದುರೆಯನ್ನು ಮೈಬ್ರಿಜ್ ಎಂಬಾತ ಕ್ಯಾಲಿಫೋರ್ನಿಯಾದಲ್ಲಿ 12 ಕ್ಯಾಮೆರಾ ಸಾಲಾಗಿಟ್ಟು ಸ್ಪಷ್ಟವಾಗಿ ಹಿಡಿದದ್ದು 1878ರಲ್ಲಿ. ಕುದುರೆಯ ನಾಲ್ಕೂ ಕಾಲು ನೆಲ ಬಿಡುವುದು ಅವು ಹೊಟ್ಟೆಯಡಿ ಮಡಿಸಿಕೊಂಡಾಗ, ಚಾಚಿದಾಗ ಅಲ್ಲ ಎಂಬುದು ಅಂದು ಖಾತ್ರಿಯಾಯಿತು. ಜೆರಿಕೋ 1821ರಲ್ಲಿ ಬರೆದ ರೇಸಿನ ಕುದುರೆಗಳು ನಾಲ್ಕೂ ಕಾಲು ಚಾಚಿ ಗಾಳಿಯಲ್ಲಿ ತೇಲುತ್ತವೆ. ಆ ತಪ್ಪನ್ನು ಕ್ಯಾಮೆರಾ ತಿದ್ದಿದ್ದು ನಿಜ. ಆದರೆ ಅಷ್ಟು ಹೊತ್ತಿಗೆ ವಾಸ್ತವವಾದಕ್ಕೆ ಸುಮಾರು ಮೂವತ್ತು ವರ್ಷ ವಯಸ್ಸಾಗಿತ್ತು.

ಹಾಗಾದರೆ ಕೂರ್ಬೆ ಕಲ್ಲು ಒಡೆಯುವವರ ಕಡೆ ತಿರುಗಿದ್ದು ಏಕೆ? ಒಂದು ಕಾರಣ ರಾಜಕೀಯ. 1848ರ ಫೆಬ್ರವರಿಯಲ್ಲಿ ಫ್ರಾನ್ಸಿನ ದೊರೆ ಸಿಂಹಾಸನ ಬಿಟ್ಟು ಓಡಿದ. ಹೊಸ ಗಣರಾಜ್ಯದಲ್ಲಿ ವಯಸ್ಕ ಗಂಡಸರಿಗೆಲ್ಲ ಮತದ ಹಕ್ಕು ಬಂತು. ಜೂನ್‌ನಲ್ಲಿ ದಂಗೆಯೆದ್ದ ಪ್ಯಾರಿಸ್ಸಿನ ಕಾರ್ಮಿಕರನ್ನು ಸೈನ್ಯ ಹೊಸಕಿಹಾಕಿತು. ರೈತ, ಕೂಲಿಕಾರ ಎಂದರೆ ಯಾರು, ಅವನು ಏನು ಕೇಳುತ್ತಿದ್ದಾನೆ ಎಂಬುದು ಇಡೀ ದೇಶದ ಪ್ರಶ್ನೆಯಾಯಿತು. ಮರುವರ್ಷ ಕೂರ್ಬೆ ತನ್ನ ಊರಾದ ಓರ್ನಾದ ಕಡೆ ಗಾಡಿಯಲ್ಲಿ ಹೋಗುವಾಗ ದಾರಿ ಬದಿಯಲ್ಲಿ ಈ ಇಬ್ಬರನ್ನು ಕಂಡು ನಿಂತ. ಮಾರನೆಯ ದಿನ ತನ್ನ ಚಿತ್ರಶಾಲೆಗೆ ಬರಲು ಹೇಳಿದ. ಈ ಕಸುಬಿನಲ್ಲಿ ಶುರುವಾಗುವುದು ಆ ಹುಡುಗನಂತೆ, ಮುಗಿಯುವುದು ಈ ಮುದುಕನಂತೆ ಎಂಬ ಅರ್ಥದ ಮಾತನ್ನು ಪತ್ರದಲ್ಲೂ ಬರೆದ.

ಇಲ್ಲಿ ಒಂದು ಮಾತು ಗಮನಿಸಬೇಕು. ವಾಸ್ತವವಾದದ ಮೊದಲ ದೊಡ್ಡ ಚಿತ್ರಗಳಲ್ಲಿ ಒಂದಾದ ಇದು ಪೋಸು ಕೊಡಿಸಿ ಬರೆದದ್ದು. ಕಣ್ಣಾರೆ ಕಂಡದ್ದೇನೋ ರಸ್ತೆಯಲ್ಲಿ, ಬರೆದದ್ದು ನಾಲ್ಕು ಗೋಡೆಯೊಳಗೆ.

ಹಾಗೆಂದು ಕ್ಯಾಮೆರಾದ ಪಾಲು ಏನೂ ಇಲ್ಲ ಎನ್ನಲಾಗದು. ಮೊದಲನೆಯದು ಹೊಟ್ಟೆಪಾಡಿನ ವಿಷಯ. ಅಂಗೈಯಗಲದ ಭಾವಚಿತ್ರ ಬರೆದು ಬದುಕುತ್ತಿದ್ದವರ ಗಿರಾಕಿಗಳು ಫೋಟೊ ಅಂಗಡಿಗೆ ಹೋದರು. ಎಷ್ಟೋ ಕಲಾವಿದರು ತಾವೇ ಫೋಟೊ ತೆಗೆಯಲು ಕಲಿತರು, ಇನ್ನು ಕೆಲವರು ಫೋಟೊಗಳಿಗೆ ಬಣ್ಣ ಹಚ್ಚಿ ಕಾಲ ಕಳೆದರು. ಹೋಲಿಕೆ ತರುವುದಷ್ಟೇ ಚಿತ್ರಕಾರನ ಹಿರಿಮೆ ಎನ್ನುವಂತಿರಲಿಲ್ಲ. ಬೇರೆ ಏನು ಹೇಳುತ್ತೀಯ ಎಂಬ ಪ್ರಶ್ನೆ ಎದುರಾಯಿತು.

ಎರಡನೆಯದು ಇನ್ನೂ ದೊಡ್ಡದು. ಕ್ಯಾಮೆರಾಕ್ಕೆ ಮೇಲು ಕೀಳು ಗೊತ್ತಿಲ್ಲ. ದೊರೆಯ ಪದಕಕ್ಕೂ ಹರಿದ ಕಾಲುಚೀಲಕ್ಕೂ ಅದು ಒಂದೇ ಗಮನ ಕೊಡುತ್ತದೆ. ಅಂಥ ಚಿತ್ರಗಳನ್ನು ಹತ್ತು ವರ್ಷ ನೋಡಿದ ಕಣ್ಣಿಗೆ ಕೂರ್ಬೆಯ ಮುದುಕನ ಹಿಮ್ಮಡಿಯಲ್ಲಿ ಕಾಣುವ ತೂತು, ಹುಡುಗನ ಹರಿದ ಅಂಗಿ, ಪಕ್ಕದಲ್ಲಿಟ್ಟ ಅಡುಗೆ ಪಾತ್ರೆ ಎಲ್ಲವೂ ಸಾಕ್ಷಿಗಳಂತೆ ಕಂಡವು. ಮೆಚ್ಚದವರು ಬೈಯಲು ಬಳಸಿದ್ದೂ ಇದನ್ನೇ: ಕೂರ್ಬೆಯ ಚಿತ್ರ ಕೆಟ್ಟ ಡಾಗೇರ್ ತಗಡಿನಂತಿದೆ ಎಂದರು.

ಆದರೆ ಅವರಿಗೆ ನಿಜವಾಗಿ ಚುಚ್ಚಿದ್ದು ಅಳತೆ ಎಂದು ನಮಗನ್ನಿಸುತ್ತದೆ. ಡಾಗೇರ್ ತಗಡು ಅಂಗೈಯಲ್ಲಿ ಹಿಡಿಯುವಷ್ಟು, ಅದರಲ್ಲಿ ಬಣ್ಣವಿಲ್ಲ. 'ಕಲ್ಲು ಒಡೆಯುವವರು' ಎರಡೂವರೆ ಮೀಟರ್ ಅಗಲ. ಜೊತೆಗೇ ಪ್ಯಾರಿಸ್ಸಿನ 1850-51ರ ಸರ್ಕಾರಿ ಪ್ರದರ್ಶನದಲ್ಲಿದ್ದ 'ಓರ್ನಾದಲ್ಲೊಂದು ಶವಸಂಸ್ಕಾರ' ಆರೂವರೆ ಮೀಟರ್‌ಗೂ ಹೆಚ್ಚು ಅಗಲ. ಹಳ್ಳಿಯವನೊಬ್ಬನನ್ನು ಮಣ್ಣು ಮಾಡುವ ಸಾಧಾರಣ ದೃಶ್ಯ. ಆಳೆತ್ತರದ 40ಕ್ಕೂ ಹೆಚ್ಚು ಜನ, ಎಲ್ಲರೂ ಆ ಊರಿನವರೇ. ಅಷ್ಟು ದೊಡ್ಡ ಬಟ್ಟೆ ಅಲ್ಲಿಯವರೆಗೆ ರಾಜರು, ಸಂತರು, ಯುದ್ಧಗಳಿಗೆ ಮೀಸಲಾಗಿತ್ತು. ಅಲ್ಲಿ ಮಣ್ಣಾದದ್ದು ರಮ್ಯ ಪಂಥ ಎಂದು ಕೂರ್ಬೆಯೇ ಹೇಳಿಕೊಂಡದ್ದುಂಟು. 1855ರಲ್ಲಿ ಪ್ಯಾರಿಸ್ಸಿನ ವಿಶ್ವ ಪ್ರದರ್ಶನ ತನ್ನ ಮುಖ್ಯ ಚಿತ್ರಗಳನ್ನು ತಿರಸ್ಕರಿಸಿದಾಗ ಅವನು ಪಕ್ಕದಲ್ಲೇ ಸ್ವಂತ ಮಂಟಪ ಹಾಕಿ, 'ವಾಸ್ತವವಾದ' ಎಂದು ಹೆಸರಿಟ್ಟು ಪ್ರದರ್ಶನ ಮಾಡಿದ. ಎರಡು ವರ್ಷದ ನಂತರ ರೈತ ಮನೆತನದ ಮಿಲೆ, ಕೊಯ್ಲಾದ ಹೊಲದಲ್ಲಿ ತೆನೆ ಆಯುವ ಮೂವರು ಹೆಂಗಸರ ಚಿತ್ರವನ್ನು ಜನರ ಮುಂದಿಟ್ಟ.

ಕ್ಯಾಮೆರಾ ಪರ ಯಾರು, ವಿರುದ್ಧ ಯಾರು ಎಂಬುದೂ ನೋಟ್ಸಿನಲ್ಲಿದ್ದಷ್ಟು ಸರಳವಲ್ಲ. ರಮ್ಯ ಪಂಥದ ಹಿರಿಯ ದೆಲಕ್ರೋವಾ ಫೋಟೊಗ್ರಫಿಯ ಸಂಘಕ್ಕೆ ಸೇರಿದ, ಫೋಟೊಗಳನ್ನು ಮುಂದಿಟ್ಟುಕೊಂಡು ರೇಖೆ ಅಭ್ಯಾಸ ಮಾಡಿದ. ಆಂಗ್ರ್ ಎಂಬ ಹಿರಿಯ ಚಿತ್ರಕಾರ 1862ರಲ್ಲಿ ಫೋಟೊವನ್ನು ಕಲೆ ಎನ್ನಬಾರದೆಂಬ ಮನವಿಗೆ ಸಹಿ ಹಾಕಿದ. ಲಂಕೇಶರ 'ಪಾಪದ ಹೂಗಳು' ಮೂಲಕ ನಾವು ಬಲ್ಲ ಕವಿ ಬೋದಿಲೇರ್, ಫೋಟೊ ವಿಜ್ಞಾನಕ್ಕೂ ಕಲೆಗೂ ಆಳಾಗಿರಲಿ, ಕಲ್ಪನೆಯ ಸೀಮೆಗೆ ಕಾಲಿಡದಿರಲಿ ಎಂದು 1859ರಲ್ಲಿ ಗುಡುಗಿದ. ಅದೇ ಬೋದಿಲೇರ್ ಫೋಟೊಗೆ ಕೂತದ್ದೂ ಉಂಟು, ಅವನ ಮುಖ ನಮಗೆ ಪರಿಚಯವಿರುವುದು ಹಾಗೆಯೇ.

ಕ್ಯಾಮೆರಾ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆಯೂ ಬೇಗ ಒಡೆಯಿತು. ಡಾಗೇರನ ಕಾಲದಲ್ಲೇ ಬೇರೊಂದು ವಿಧಾನ ಕಂಡುಹಿಡಿದು ಮನ್ನಣೆ ಸಿಗದೆ ನೊಂದ ಬಯಾರ್, 1840ರಲ್ಲಿ ಕಣ್ಣುಮುಚ್ಚಿ ಕೂತು, ನೀರಿಗೆ ಬಿದ್ದು ಸತ್ತವನಂತೆ ತನ್ನದೇ ಫೋಟೊ ತೆಗೆದುಕೊಂಡ. ಸರ್ಕಾರ ಕೈಬಿಟ್ಟಿದ್ದರಿಂದ ಈ ಬಡಪಾಯಿ ಮುಳುಗಿಕೊಂಡ ಎಂಬರ್ಥದ ಒಕ್ಕಣೆಯನ್ನೂ ಬರೆದ. ಫೋಟೊಗ್ರಫಿ ಬಹಿರಂಗವಾಗಿ ಆಗ ಒಂದು ವರ್ಷ. ನಾವು ವಾಟ್ಸ್ಆ್ಯಪ್‌ನಲ್ಲಿ ದಿನವೂ ನೋಡುವುದರ ಬೇರು ಅಷ್ಟು ಹಳೆಯದು.

ಕೊನೆಗೆ ಆ ಚಿತ್ರ ಏನಾಯಿತು? ಜರ್ಮನಿಯ ಡ್ರೆಸ್ಡೆನ್ ಸಂಗ್ರಹಾಲಯ ಸೇರಿದ್ದ 'ಕಲ್ಲು ಒಡೆಯುವವರು' ಎರಡನೇ ಮಹಾಯುದ್ಧದಲ್ಲಿ, 1945ರಲ್ಲಿ, ಬಾಂಬ್ ದಾಳಿಗೆ ಸಿಕ್ಕಿ ನಾಶವಾಯಿತು. ಇವತ್ತು ನಾವು ನೋಡುತ್ತಿರುವುದು ಅದರ ಫೋಟೊವನ್ನು. ದುಡಿಯುವವರನ್ನು ಹಿಡಿಯಲಾಗದಿದ್ದ ಕ್ಯಾಮೆರಾ, ಹಿಡಿದ ಚಿತ್ರವನ್ನು ನಮಗಾಗಿ ಉಳಿಸಿಕೊಟ್ಟಿದೆ. ಈ ಋಣವನ್ನು ಮರೆಯುವಂತಿಲ್ಲ. ಆದರೆ ದಾರಿಯಲ್ಲಿ ಗಾಡಿ ನಿಲ್ಲಿಸಿದ್ದು ಕ್ಯಾಮೆರಾ ಅಲ್ಲ, ಒಬ್ಬ ಮನುಷ್ಯ.

ಈಗ ನಮ್ಮ ಜೇಬಿನಲ್ಲಿರುವ ಫೋನು ಎತ್ತಿದ ಸುತ್ತಿಗೆಯನ್ನೂ ಸಿಡಿಯುವ ಕಲ್ಲಿನ ಚೂರನ್ನೂ ಕಣ್ಣು ಮಿಟುಕಿಸುವಷ್ಟರಲ್ಲಿ ಹಿಡಿಯುತ್ತದೆ. ಅಚ್ಚಾಗದ ಆ ಫೋಟೊ ಇನ್ನೂ ನಮ್ಮ ಬಳಿ ಇದೆ. ಡೆಸ್ಕಿನವರ ಮೇಲೆ ಬಹಳ ದಿನ ಸಿಟ್ಟಿತ್ತು. ಮೊನ್ನೆ ಹಳೆಯ ನೋಟ್‌ಬುಕ್ ತೆಗೆದು ನೋಡಿದರೆ, ಬಾಕಿ ಕೂಲಿಯ ಮೊತ್ತ ಬರೆದಿದೆ, ಗುತ್ತಿಗೆದಾರನ ಫೋನ್ ನಂಬರ್ ಇದೆ. ಜಲ್ಲಿ ಒಡೆಯುತ್ತಿದ್ದ ಆ ಇಬ್ಬರ ಹೆಸರು ಎಲ್ಲೂ ಇಲ್ಲ. ನಾವು ಕೇಳಿಯೇ ಇರಲಿಲ್ಲ.