ಶಿಷ್ಯರ ದಾಖಲೆಗಳಲ್ಲಿ ಪುರುಷೋತ್ತಮ ರೈ

ಅಥ್ಲೆಟಿಕ್ಸ್ ಕೋಚ್ ಪುರುಷೋತ್ತಮ ರೈ ಬೆಂಗಳೂರಿನಲ್ಲಿ ತೀರಿಕೊಂಡದ್ದು 2020ರ ಆಗಸ್ಟ್ 28ರಂದು, ತಮ್ಮ 79ನೇ ವಯಸ್ಸಿನಲ್ಲಿ. ಮರುದಿನವೇ ರಾಷ್ಟ್ರೀಯ ಕ್ರೀಡಾ ದಿನ. ಜೀವಮಾನದ ಸಾಧನೆಗೆ ಕೊಡುವ ದ್ರೋಣಾಚಾರ್ಯ ಪ್ರಶಸ್ತಿ ಅಂದು ಅವರಿಗೆ ಸಲ್ಲಬೇಕಿತ್ತು. ಕೊರೋನಾ ಕಾಲವಾದ್ದರಿಂದ ಆ ವರ್ಷದ ಸಮಾರಂಭ ನಡೆದದ್ದು ಆನ್‌ಲೈನಿನಲ್ಲಿ. ಅದರ ತಾಲೀಮಿನಲ್ಲಿ ಪಾಲ್ಗೊಂಡ ದಿನವೇ ರೈ ಅವರಿಗೆ ಹೃದಯಾಘಾತವಾಯಿತು.

ಪತ್ರಿಕೆಗಳ ನಿಧನ ವಾರ್ತೆಯಲ್ಲಿ ಅವರ ಇಡೀ ವೃತ್ತಿಜೀವನ ಕೆಲವೇ ಸಾಲಿನಲ್ಲಿ ಮುಗಿದಿತ್ತು. 1974ರಲ್ಲಿ ಪಟಿಯಾಲದ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಿಂದ ತರಬೇತಿ ಮುಗಿಸಿದರು. ರಾಜ್ಯದ ಕ್ರೀಡಾ ಇಲಾಖೆಯಲ್ಲೂ ಭಾರತೀಯ ಕ್ರೀಡಾ ಪ್ರಾಧಿಕಾರದಲ್ಲೂ ದುಡಿದರು. 1987ರ ವಿಶ್ವ ಚಾಂಪಿಯನ್‌ಷಿಪ್, 1988ರ ಏಷ್ಯನ್ ಕೂಟ, 1999ರ ಸ್ಯಾಫ್ ಕ್ರೀಡಾಕೂಟಗಳಿಗೆ ಭಾರತ ತಂಡದ ಕೋಚ್ ಆಗಿದ್ದರು. ಆಮೇಲೆ ಶಿಷ್ಯರ ಹೆಸರುಗಳು: ಅಶ್ವಿನಿ ನಾಚಪ್ಪ, ವಂದನಾ ರಾವ್, ಮುರಳಿ ಕುಟ್ಟನ್, ರೋಸಾ ಕುಟ್ಟಿ, ಎಂ.ಕೆ. ಆಶಾ, ಇ.ಬಿ. ಶೈಲಾ, ಜಿ.ಜಿ. ಪ್ರಮೀಳಾ. ಈ ಸಾಲುಗಳನ್ನೇ ಸುಳಿವಾಗಿ ಹಿಡಿದು, ಒಂದೊಂದನ್ನೂ ಕೂಟಗಳ ಫಲಿತಾಂಶ ಪಟ್ಟಿಯ ಪಕ್ಕದಲ್ಲಿಟ್ಟು ನೋಡತೊಡಗಿದೆ.

ಮೊದಲು ಸಿಕ್ಕಿದ್ದು ವಂದನಾ ರಾವ್ ಅವರ ಜಾಡು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ 4×400 ಮೀಟರ್ ರಿಲೇ ಫೈನಲ್ ತಲುಪಿದ ಭಾರತದ ವನಿತೆಯರ ತಂಡದಲ್ಲಿ ಅವರಿದ್ದರು. ಎಂ.ಡಿ. ವಲ್ಸಮ್ಮ, ಶೈನಿ ಅಬ್ರಹಾಂ, ಪಿ.ಟಿ. ಉಷಾ ಜೊತೆಗಾರ್ತಿಯರು. ಏಳನೆಯ ಸ್ಥಾನ, 3 ನಿಮಿಷ 32.49 ಸೆಕೆಂಡು, ಏಷ್ಯಾ ದಾಖಲೆ. ತಲಾ ಲೆಕ್ಕ ಹಾಕಿದರೆ ಒಬ್ಬೊಬ್ಬರೂ 400 ಮೀಟರನ್ನು ಸುಮಾರು 53 ಸೆಕೆಂಡಿನಲ್ಲಿ ಓಡಿದ್ದಾರೆ. ಎರಡು ವರ್ಷದ ನಂತರ ಸೋಲ್ ಏಷ್ಯನ್ ಕ್ರೀಡಾಕೂಟದಲ್ಲಿ ಇದೇ ಓಟಕ್ಕೆ ಚಿನ್ನ ಬಂತು: 3 ನಿಮಿಷ 34.58 ಸೆಕೆಂಡು. ಆ ನಾಲ್ವರಲ್ಲಿ ವಂದನಾ ರಾವ್, ವಂದನಾ ಶಾನಭಾಗ್ ಇಬ್ಬರೂ ಕರ್ನಾಟಕದವರು. ರಿಲೇ ಎಂದರೆ ನಾಲ್ಕು ಓಟಗಳ ಮೊತ್ತ ಮಾತ್ರವಲ್ಲ. ಯಾರು ಮೊದಲು, ಯಾರು ಕೊನೆಗೆ, ದಣಿದು ಬರುವ ಓಟಗಾರ್ತಿಯ ಕೈಯಿಂದ ಬ್ಯಾಟನ್ ಪಡೆಯುವವಳು ಯಾವ ಗಳಿಗೆಗೆ ಹೆಜ್ಜೆ ಕೀಳಬೇಕು, ಇವೆಲ್ಲ ತಿಂಗಳುಗಟ್ಟಲೆ ಅಭ್ಯಾಸದಲ್ಲಿ ತೀರ್ಮಾನವಾಗುವ ಸಂಗತಿಗಳು. ಓಡಿದವರ ಹೆಸರು, ದೇಶ, ಸಮಯ ಮೂರೂ ಪಟ್ಟಿಯಲ್ಲಿ ಸಿಗುತ್ತವೆ. ಆ ತೀರ್ಮಾನಗಳ ಹಿಂದಿನ ಕೋಚ್‌ಗಳ ಹೆಸರಿಗೆ ಅಲ್ಲೊಂದು ಕಾಲಂ ಇಲ್ಲ.

ಪ್ರಮೀಳಾ ಅವರನ್ನು ಹುಡುಕುವಾಗ ಇನ್ನೊಂದು ತೊಡಕು. 2000ದ ಸಿಡ್ನಿ ಒಲಿಂಪಿಕ್ಸ್‌ನ ಹೆಪ್ಟಾಥ್ಲಾನ್‌ನಲ್ಲಿ ಸ್ಪರ್ಧಿಸಿದ ಕೊಡಗಿನ ಜಿ.ಜಿ. ಪ್ರಮೀಳಾ ಅವರೇ 2008ರ ಬೀಜಿಂಗ್‌ನಲ್ಲಿ ಪ್ರಮೀಳಾ ಅಯ್ಯಪ್ಪ. 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದದ್ದೂ ಅವರೇ. ಮದುವೆಯಾದ ಮೇಲೆ ಹೆಸರು ಬದಲಾಯಿತೆಂಬುದು ಗೊತ್ತಿರದಿದ್ದರೆ ಒಬ್ಬ ಕ್ರೀಡಾಪಟು ದಾಖಲೆಯಲ್ಲಿ ಇಬ್ಬರಾಗಿಬಿಡುತ್ತಾರೆ. ಎರಡು ದಿನ, ಏಳು ಸ್ಪರ್ಧೆ: ಹರ್ಡಲ್ಸ್, ಎತ್ತರ ಜಿಗಿತ, ಗುಂಡು ಎಸೆತ, 200 ಮೀಟರ್, ಉದ್ದ ಜಿಗಿತ, ಜಾವೆಲಿನ್, ಕೊನೆಗೆ 800 ಮೀಟರ್. ಇಂಥ ಕಷ್ಟದ ಸ್ಪರ್ಧೆಯ ಒಬ್ಬಾಕೆಯೂ ಮುರಳಿ ಕುಟ್ಟನ್‌ರಂಥ 400 ಮೀಟರ್ ಓಟಗಾರರೂ ಒಬ್ಬರೇ ಗುರುವಿನ ಶಿಷ್ಯರ ಸಾಲಿನಲ್ಲಿ ಸಿಗುತ್ತಾರೆ ಎಂದರೆ ಆ ಗುರುವಿನ ಕೈ ಎಷ್ಟು ಬಗೆಯ ಕೆಲಸಕ್ಕೆ ಪಳಗಿತ್ತು ಎಂಬುದು ತಿಳಿಯುತ್ತದೆ.

ಇನ್ನು ಕೋಚ್ ಆಗಿ ಹೋದ ಕೂಟಗಳು. 1987ರ ವಿಶ್ವ ಚಾಂಪಿಯನ್‌ಷಿಪ್ ರೋಮ್‌ನಲ್ಲಿ ನಡೆಯಿತು. 1999ರ ಸ್ಯಾಫ್ ಕೂಟ ಕಠ್ಮಂಡುವಿನಲ್ಲಿ. ಇವೆರಡೂ ಕೂಡಿ ಬಂದವು. 1988 ಮಾತ್ರ ಕೂಡಿ ಬರಲಿಲ್ಲ. ಏಷ್ಯನ್ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ನಡೆದದ್ದು 1987ರಲ್ಲಿ ಸಿಂಗಪುರದಲ್ಲಿ, ಆಮೇಲೆ 1989ರಲ್ಲಿ ದೆಹಲಿಯಲ್ಲಿ. ನಡುವಿನ ವರ್ಷದಲ್ಲಿ ಆ ಕೂಟವೇ ಇಲ್ಲ. 1988ರಲ್ಲಿ ಸಿಂಗಪುರದಲ್ಲಿ ನಡೆದದ್ದು ಏಷ್ಯನ್ ಜೂನಿಯರ್ ಚಾಂಪಿಯನ್‌ಷಿಪ್. ವಾರ್ತೆಯಲ್ಲಿ ಜೂನಿಯರ್ ಎಂಬುದು ಬಿಟ್ಟುಹೋಗಿರಬೇಕು, ಇಲ್ಲವೇ ಇಸವಿ ಒಂದು ವರ್ಷ ಆಚೀಚೆ ಆಗಿರಬೇಕು. ಓಟಗಾರ್ತಿಯ ಸಮಯವನ್ನು ಸೆಕೆಂಡಿನ ನೂರನೆಯ ಒಂದು ಭಾಗದವರೆಗೆ ಕಾಪಾಡಿಟ್ಟ ವ್ಯವಸ್ಥೆ, ಕೋಚ್ ಯಾವ ವರ್ಷ ಯಾವ ಕೂಟಕ್ಕೆ ಹೋದರು ಎಂಬುದನ್ನು ಖಚಿತವಾಗಿ ಬರೆದಿಡಲಿಲ್ಲ.

ಪ್ರಶಸ್ತಿಗಳ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟಾಗ ಮನಸ್ಸಿಗೆ ನೋವಾಯಿತು. ವಂದನಾ ರಾವ್‌ಗೆ ಅರ್ಜುನ ಪ್ರಶಸ್ತಿ 1987ರಲ್ಲಿ, ಅಶ್ವಿನಿ ನಾಚಪ್ಪಗೆ 1988ರಲ್ಲಿ. ದ್ರೋಣಾಚಾರ್ಯ ಪ್ರಶಸ್ತಿ ಆಗಲೇ ಶುರುವಾಗಿತ್ತು. 1985ರ ಮೊದಲ ಪಟ್ಟಿಯಲ್ಲೇ ಉಷಾರ ಗುರು ಓ.ಎಂ. ನಂಬಿಯಾರ್ ಇದ್ದಾರೆ. ಅಶ್ವಿನಿ, ವಂದನಾರ ಗುರುವಿನ ಹೆಸರು ಬರಲು 2020ರವರೆಗೆ ಕಾಯಬೇಕಾಯಿತು. ಕರ್ನಾಟಕದ ಇತರ ಅಥ್ಲೆಟಿಕ್ಸ್ ಗುರುಗಳ ಕಥೆಯೂ ಇದೇ: ಎನ್. ಲಿಂಗಪ್ಪ ಅವರಿಗೆ 2014ರಲ್ಲಿ, ವಿ.ಆರ್. ಬೀಡು ಅವರಿಗೆ 2018ರಲ್ಲಿ, ಎರಡೂ ಜೀವಮಾನ ಸಾಧನೆಯ ವಿಭಾಗದಲ್ಲೇ. ಒಬ್ಬ ಮಹಾ ಓಟಗಾರ್ತಿಯ ಹೆಸರಿನೊಂದಿಗೆ ಬೆಸೆದುಕೊಂಡ ಗುರುವನ್ನು ದೇಶ ಬೇಗ ಗುರುತಿಸುತ್ತದೆ. ಹಲವು ಶಿಷ್ಯರಿಗೆ ತನ್ನ ವರ್ಷಗಳನ್ನು ಹಂಚಿಕೊಟ್ಟವರ ಸರದಿ ತಡವಾಗಿ ಬರುತ್ತದೆ.

ಕ್ರೀಡಾ ಪ್ರಾಧಿಕಾರದ ಬೆಂಗಳೂರು ಕೇಂದ್ರ ಇರುವುದು ಪಶ್ಚಿಮ ಬೆಂಗಳೂರಿನಲ್ಲಿ, ಕೆಂಗೇರಿಗೆ ಹತ್ತಿರದ ಜ್ಞಾನಭಾರತಿ ಆವರಣದಲ್ಲಿ. ಅದೇ ಆವರಣದಲ್ಲಿ ಬೆಂಗಳೂರು ವಿಶ್ವವಿದ್ಯಾಲಯವೂ ಇದೆ. ಓಡಿಸುವವರು, ಸಂಶೋಧನೆ ಮಾಡುವವರು ಇಷ್ಟು ಹತ್ತಿರದಲ್ಲಿರುವ ಜಾಗ ನಾಡಿನಲ್ಲಿ ಅಪರೂಪ. ಕೋಚ್‌ಗಳ ಅಭ್ಯಾಸದ ಪುಸ್ತಕ, ಬೆಳಗಿನ ಸ್ಟಾಪ್‌ವಾಚ್ ಲೆಕ್ಕ, ಶಿಬಿರಗಳ ಹಾಜರಿ, ಕೂಟಕ್ಕೆ ಹೊರಟ ತಂಡದ ಆದೇಶ ಇವನ್ನೆಲ್ಲ ಕೂಡಿಸಿಡುವ ಒಂದು ಸಂಗ್ರಹ ಅಲ್ಲಿ ಆಗಬೇಕು. ಇತಿಹಾಸ, ದೈಹಿಕ ಶಿಕ್ಷಣ ಓದುವ ವಿದ್ಯಾರ್ಥಿಗಳು ನಿವೃತ್ತ ಕೋಚ್‌ಗಳ ಮಾತನ್ನು ಅವರು ಬದುಕಿರುವಾಗಲೇ ದಾಖಲಿಸಿಕೊಳ್ಳಬೇಕು. ರೈ ಅವರ ವಿಷಯದಲ್ಲಿ ನಮಗೆ ಶಿಷ್ಯರ ಸಾಧನೆಗಳಾದರೂ ಆಧಾರಕ್ಕೆ ಸಿಕ್ಕವು. ರಾಷ್ಟ್ರ ತಂಡದವರೆಗೆ ಹೋಗದ ನೂರಾರು ಹುಡುಗ ಹುಡುಗಿಯರನ್ನು ತಾಲ್ಲೂಕು ಮೈದಾನಗಳಲ್ಲಿ, ಕಾಲೇಜುಗಳಲ್ಲಿ ಓಡಿಸಿದ ಗುರುಗಳಿಗೆ ಆ ಆಧಾರವೂ ಇಲ್ಲ. ಅವರಿಂದಲೇ ಈ ಕೆಲಸ ಶುರುವಾಗಬೇಕು.